ಹೆಗಲಿಗೆ ವಯಸ್ಸಾದಾಗ

ಗಂಡಸರ ಗುಂಡು ಎಸೆತದ ಸ್ಪರ್ಧೆಯಲ್ಲಿ ಬಳಸುವ ಲೋಹದ ಗುಂಡಿನ ತೂಕ 7.26 ಕಿಲೋಗ್ರಾಂ. ಒಲಿಂಪಿಕ್ಸ್‌ನಲ್ಲೂ ಇದೇ ಗುಂಡು. ಆದರೆ ಹಿರಿಯ ವಯಸ್ಸಿನವರಿಗಾಗಿ ನಡೆಯುವ ಮಾಸ್ಟರ್ಸ್ ಅಥ್ಲೆಟಿಕ್ಸ್ ಕೂಟಗಳ ನಿಯಮಾವಳಿಯನ್ನು ತೆರೆದು ನೋಡಿದರೆ ಅಲ್ಲೊಂದು ಕುತೂಹಲದ ಪಟ್ಟಿ ಸಿಗುತ್ತದೆ. 49 ವರ್ಷದವರೆಗೆ ಅದೇ 7.26 ಕಿಲೋ. 50 ತುಂಬಿತೆಂದರೆ 6 ಕಿಲೋ. 60ಕ್ಕೆ 5, 70ಕ್ಕೆ 4, 80 ದಾಟಿದವರಿಗೆ 3 ಕಿಲೋ. ಗುಂಡು ಎಸೆಯಲು ಕಾಲು ಮತ್ತು ಸೊಂಟದ ಬಲವೂ ಬೇಕು, ನಿಜ. ಆದರೆ ಕೊನೆಯಲ್ಲಿ ಅದನ್ನು ದೂರಕ್ಕೆ ನೂಕುವುದು ಹೆಗಲು ಮತ್ತು ತೋಳು. ವಯಸ್ಸಿನ ಜೊತೆ ಈ ಹೆಗಲಿನ ಶಕ್ತಿ ಹೇಗೆ ಕುಗ್ಗುತ್ತಾ ಹೋಗುತ್ತದೆ ಎಂಬುದನ್ನು ಕ್ರೀಡಾ ನಿಯಮ ಮಾಡಿದವರು ಐದೇ ಸಾಲಿನಲ್ಲಿ ಬರೆದಿಟ್ಟಂತಿದೆ ಈ ಪಟ್ಟಿ.

ನಮ್ಮ ಮನೆಗಳಲ್ಲಿ ಯಾರೂ ಗುಂಡು ಎಸೆಯುವುದಿಲ್ಲ. ಆದರೂ ಇದೇ ಪಟ್ಟಿ ಬೇರೆ ರೂಪದಲ್ಲಿ ಅಲ್ಲಿಯೂ ಇದೆ. ಅಟ್ಟದ ಮೇಲಿದ್ದ ಉಪ್ಪಿನಕಾಯಿ ಜಾಡಿ ಕೆಳಗಿನ ಗೂಡಿಗೆ ಇಳಿಯುತ್ತದೆ. ಬಟ್ಟೆ ಒಣಹಾಕುವ ತಂತಿಯನ್ನು ಗೇಣುದ್ದ ಕೆಳಕ್ಕೆ ಕಟ್ಟಬೇಕಾಗುತ್ತದೆ. ತಾತನಿಗೆ ಜುಬ್ಬದ ತೋಳು ತೊಡಿಸಲು ಮೊಮ್ಮಗ ಬರಬೇಕು. ಅಜ್ಜಿ ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳುವುದನ್ನು ಬಿಟ್ಟು ಸೊಸೆಯ ಮುಂದೆ ಬಾಚಣಿಗೆ ಹಿಡಿದು ಕೂರುತ್ತಾಳೆ. ಏಕೆ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ‘ವಯಸ್ಸಾಯಿತಲ್ಲ!’

ಈ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಕೈ ಮೇಲೆತ್ತಲು ಆಗದಿರುವುದಕ್ಕೆ ಮೂರು ಬಗೆಯ ಕಾರಣಗಳಿರಬಹುದು. ಒಂದು, ವಯಸ್ಸು. ಎರಡು, ಬಳಸದೇ ಬಿಟ್ಟದ್ದು. ಮೂರು, ಕಾಯಿಲೆ ಅಥವಾ ಪೆಟ್ಟು. ಮೊದಲನೆಯದನ್ನು ತಡೆಯಲಾಗದು, ನಿಧಾನಗೊಳಿಸಬಹುದು. ಎರಡನೆಯದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಮೂರನೆಯದಕ್ಕೆ ಚಿಕಿತ್ಸೆ ಇದೆ. ಮೂರನ್ನೂ ‘ವಯಸ್ಸು’ ಎಂಬ ಒಂದೇ ಚೀಲಕ್ಕೆ ತುಂಬಿಬಿಟ್ಟರೆ ವಾಸಿಯಾಗಬಹುದಾದದ್ದೂ ವಾಸಿಯಾಗದೆ ಉಳಿಯುತ್ತದೆ. ಆದ್ದರಿಂದ ಹೆಗಲು ಹೇಗೆ ಕೆಲಸ ಮಾಡುತ್ತದೆ, ವಯಸ್ಸು ಅದರ ಯಾವ ಭಾಗವನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ಚಮಚದ ಮೇಲಿನ ನಿಂಬೆಹಣ್ಣು

ಶಾಲೆಯ ಕ್ರೀಡಾಕೂಟದಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುವ ಸ್ಪರ್ಧೆ ಎಲ್ಲರಿಗೂ ಗೊತ್ತು. ಹೆಗಲಿನ ಕೀಲು ಹೆಚ್ಚು ಕಡಿಮೆ ಹಾಗೆಯೇ ಇದೆ. ತೋಳಿನ ಮೂಳೆಯ ಮೇಲ್ತುದಿ ಗುಂಡಗಿನ ಚೆಂಡಿನಂತಿದೆ. ಅದು ಕೂರುವ ಗುಳಿ ಇರುವುದು ಬೆನ್ನಿನ ಮೇಲ್ಭಾಗದ ತ್ರಿಕೋನಾಕಾರದ ಚಪ್ಪಟೆ ಮೂಳೆಯಲ್ಲಿ. ಇದನ್ನು ಸ್ಕ್ಯಾಪುಲಾ ಎನ್ನುತ್ತಾರೆ, ಹೆಗಲ ಹಲಗೆ ಎಂದು ಕರೆಯೋಣ. ಈ ಗುಳಿ ಬಹಳ ಚಿಕ್ಕದು, ಆಳವೂ ಇಲ್ಲ. ಯಾವುದೇ ಕ್ಷಣದಲ್ಲಿ ಚೆಂಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಗುಳಿಗೆ ತಾಗಿರುತ್ತದೆ.

ಸೊಂಟದ ಕೀಲೂ ಚೆಂಡು ಮತ್ತು ಗುಳಿಯ ಕೀಲೇ. ಆದರೆ ಅಲ್ಲಿ ಗುಳಿ ಆಳವಾದ ಬಟ್ಟಲಿನಂತಿದ್ದು ಚೆಂಡನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಅದು ದೇಹದ ಭಾರ ಹೊರಬೇಕು, ಅಲುಗಾಡಬಾರದು. ಹೆಗಲಿನ ಕೆಲಸ ಬೇರೆ. ಅದು ಮುಂದೆ, ಹಿಂದೆ, ಮೇಲೆ, ಪಕ್ಕಕ್ಕೆ, ಸುತ್ತಲೂ ತಿರುಗಬೇಕು. ದೇಹದ ಯಾವ ಕೀಲಿಗೂ ಇಷ್ಟು ಸ್ವಾತಂತ್ರ್ಯವಿಲ್ಲ. ಆದರೆ ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕಲ್ಲ? ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚಾಗಿ ಜಾರಿ ಕಳಚಿಕೊಳ್ಳುವ ಕೀಲು ಕೂಡ ಹೆಗಲೇ.

ಓಡುವ ಹುಡುಗ ಕಣ್ಣಿಟ್ಟು, ಕೈ ಅಲುಗದಂತೆ ನೋಡಿಕೊಂಡು ನಿಂಬೆಹಣ್ಣನ್ನು ಬೀಳದಂತೆ ಕಾಯುತ್ತಾನೆ. ಹೆಗಲಿನಲ್ಲಿ ಈ ಕಾಯುವ ಕೆಲಸ ಮಾಡುವುದು ಸ್ನಾಯುಗಳು. ಸೊಂಟದ ಭದ್ರತೆ ಮುಖ್ಯವಾಗಿ ಮೂಳೆಯ ಆಕಾರದಿಂದ ಬಂದರೆ ಹೆಗಲಿನ ಭದ್ರತೆ ಸ್ನಾಯುಗಳಿಂದ ಬರುತ್ತದೆ. ಆದ್ದರಿಂದಲೇ ಸ್ನಾಯುಗಳಿಗೆ ವಯಸ್ಸಾದಾಗ ಅದರ ಪರಿಣಾಮ ಹೆಗಲಿನಲ್ಲಿ ಎದ್ದು ಕಾಣುತ್ತದೆ.

ಏಣಿ ಎತ್ತುವವರು, ಬುಡ ಅದುಮುವವರು

ಹೆಗಲಿನ ಹೊರಭಾಗದಲ್ಲಿ ದುಂಡಗೆ ಕಾಣುವ ದಪ್ಪ ಸ್ನಾಯುವಿಗೆ ಡೆಲ್ಟಾಯ್ಡ್ ಎಂದು ಹೆಸರು. ತೋಳನ್ನು ಮೇಲೆತ್ತುವ ದೊಡ್ಡ ಬಲ ಇದರದು. ಇದರ ಕೆಳಗೆ, ಕಣ್ಣಿಗೆ ಕಾಣದಂತೆ, ನಾಲ್ಕು ಚಿಕ್ಕ ಸ್ನಾಯುಗಳಿವೆ. ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್. ಇವು ಹೆಗಲ ಹಲಗೆಯಿಂದ ಹೊರಟು ತೋಳಿನ ಚೆಂಡನ್ನು ಮೇಲಿನಿಂದ, ಮುಂದಿನಿಂದ, ಹಿಂದಿನಿಂದ ಅಂಗಿಯ ಕಫ್ಫಿನಂತೆ ಸುತ್ತುವರಿದಿರುತ್ತವೆ. ಹಾಗಾಗಿ ವೈದ್ಯರು ಇವನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ.

ಉದ್ದನೆಯ ಏಣಿಯನ್ನು ನೆಲದಿಂದ ಎತ್ತಿ ನಿಲ್ಲಿಸುವುದನ್ನು ನೋಡಿದ್ದೀರಾ? ಒಬ್ಬ ಮೇಲ್ತುದಿಯನ್ನು ಎತ್ತುತ್ತಾ ಬರುತ್ತಾನೆ. ಇನ್ನೊಬ್ಬ ಬುಡವನ್ನು ಕಾಲಿನಿಂದ ಅದುಮಿ ಹಿಡಿಯುತ್ತಾನೆ. ಬುಡ ಹಿಡಿಯುವವನು ಇಲ್ಲದಿದ್ದರೆ ಏಣಿ ಏಳುವುದಿಲ್ಲ, ಜಾರುತ್ತದೆ. ಡೆಲ್ಟಾಯ್ಡ್ ಏಣಿ ಎತ್ತುವವನು. ಈ ನಾಲ್ಕು ಸ್ನಾಯುಗಳು ಬುಡ ಅದುಮುವವರು. ಅವು ಚೆಂಡನ್ನು ಗುಳಿಗೆ ಒತ್ತಿ ಹಿಡಿಯದೆ ಹೋದರೆ ಡೆಲ್ಟಾಯ್ಡ್ ಎಷ್ಟೇ ಎಳೆದರೂ ಚೆಂಡು ಮೇಲಕ್ಕೆ ಜಾರಿ ಹೆಗಲ ತುದಿಯ ಮೂಳೆಗೆ ಒತ್ತುತ್ತದೆ. ತೋಳು ಏಳುವುದಿಲ್ಲ.

ಇದರ ಜೊತೆ ಹೆಗಲ ಹಲಗೆಯೂ ತಿರುಗಬೇಕು. ಕೈಯನ್ನು ಪಕ್ಕದಿಂದ ತಲೆಯ ಮೇಲಕ್ಕೆ ಪೂರ್ತಿ ಎತ್ತಿದರೆ 180 ಡಿಗ್ರಿ ಚಲನೆ. ಇದರಲ್ಲಿ ಸುಮಾರು 120 ಡಿಗ್ರಿ ಚೆಂಡಿನ ಕೀಲಿನಿಂದ, ಉಳಿದ 60 ಡಿಗ್ರಿ ಬೆನ್ನಿನ ಮೇಲೆ ಜಾರುವ ಹೆಗಲ ಹಲಗೆಯಿಂದ ಬರುತ್ತದೆ. ಎರಡಕ್ಕೆ ಒಂದು ಎಂಬ ಈ ಲಯವನ್ನು ಅಮೆರಿಕದ ಇನ್‌ಮನ್ ಮತ್ತು ಸಂಗಡಿಗರು 1944ರಲ್ಲಿ ಅಳತೆ ಮಾಡಿ ಪ್ರಕಟಿಸಿದರು. ವಯಸ್ಸಾದಂತೆ ಬೆನ್ನು ಬಾಗಿದರೆ ಹೆಗಲ ಹಲಗೆ ಮುಂದಕ್ಕೆ ವಾಲುತ್ತದೆ, ಈ ಲಯ ತಪ್ಪುತ್ತದೆ. ನೀವೇ ಪರೀಕ್ಷಿಸಿ. ಗೂನುಬೆನ್ನು ಮಾಡಿಕೊಂಡು ಕುಳಿತು ಕೈ ಎತ್ತಿ ನೋಡಿ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಮತ್ತೆ ಎತ್ತಿ. ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಹೆಗಲಿನ ತೊಂದರೆಯೆಂದು ತಿಳಿದದ್ದರಲ್ಲಿ ಒಂದು ಪಾಲು ಬೆನ್ನಿನದೂ ಆಗಿರಬಹುದು.

ಒಂದು ಸಣ್ಣ ಲೆಕ್ಕ

ಪ್ರೌಢಶಾಲೆಯ ವಿಜ್ಞಾನದಲ್ಲಿ ಸನ್ನೆಗಳ ಪಾಠವಿದೆ. ತೋಳು ಮೂರನೆಯ ವರ್ಗದ ಸನ್ನೆ. ಆಧಾರ ಬಿಂದು ಹೆಗಲಿನ ಕೀಲು, ಭಾರ ಇರುವುದು ದೂರದ ಅಂಗೈಯಲ್ಲಿ, ಬಲ ಬೀಳುವುದು ಕೀಲಿನ ತೀರಾ ಹತ್ತಿರದಲ್ಲಿ. ಲೆಕ್ಕ ಸುಲಭವಾಗಲೆಂದು ಕೀಲಿನಿಂದ ಅಂಗೈಗೆ 60 ಸೆಂಟಿಮೀಟರ್, ಸ್ನಾಯುವಿನ ಎಳೆತ ಕೀಲಿನಿಂದ 3 ಸೆಂಟಿಮೀಟರ್ ದೂರದಲ್ಲಿ ಎಂದು ಇಟ್ಟುಕೊಳ್ಳೋಣ. ಕೈಯನ್ನು ನೆಲಕ್ಕೆ ಸಮಾಂತರವಾಗಿ ನೇರ ಚಾಚಿ 1 ಕಿಲೋ ಸಕ್ಕರೆ ಪೊಟ್ಟಣ ಹಿಡಿದರೆ ಅದಕ್ಕಾಗಿ ಸ್ನಾಯು ಹಾಕಬೇಕಾದ ಬಲ 20 ಕಿಲೋ ತೂಕಕ್ಕೆ ಸಮ.

ತೋಳಿಗೂ ತನ್ನದೇ ಭಾರವಿದೆ. ಅದು ದೇಹದ ತೂಕದ ಸುಮಾರು ಶೇ 5. ಅಂದರೆ 60 ಕಿಲೋ ತೂಗುವವರಿಗೆ 3 ಕಿಲೋ. ಈ ಭಾರ ಕೀಲಿನಿಂದ 30 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಂಡರೆ ಅದಕ್ಕೆ ಇನ್ನೂ 30 ಕಿಲೋ. ಒಟ್ಟು 50 ಕಿಲೋ! ಬರಿಗೈಯನ್ನು ಚಾಚಿ ನಿಲ್ಲುವುದಕ್ಕೇ 30 ಕಿಲೋ ತೂಕದಷ್ಟು ಬಲ ಬೇಕು ಎಂದಾಯಿತು. ಯೌವನದಲ್ಲಿ ಸ್ನಾಯುವಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಇರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಶಕ್ತಿ ಇಳಿಯುತ್ತಾ ಈ ಗೆರೆಯ ಹತ್ತಿರ ಬಂದಾಗ ಒಂದು ದಿನ ಇದ್ದಕ್ಕಿದ್ದಂತೆ ಕೈ ‘ಸೋತಂತೆ’ ಅನ್ನಿಸುತ್ತದೆ. ಸೋತದ್ದು ಆ ದಿನ ಅಲ್ಲ. ಅದು ಹಲವು ವರ್ಷಗಳಿಂದ ಇಳಿಯುತ್ತಿತ್ತು.

ಈ ಲೆಕ್ಕದಲ್ಲಿ ಒಂದು ಉಪಾಯವೂ ಅಡಗಿದೆ. ಮೊಣಕೈ ಮಡಿಸಿ ಭಾರವನ್ನು ಮೈಗೆ ಹತ್ತಿರ ತಂದರೆ ದೂರ ಕಡಿಮೆಯಾಗುತ್ತದೆ, ಬೇಕಾದ ಬಲವೂ ಕಡಿಮೆಯಾಗುತ್ತದೆ. ಹಿರಿಯರು ಕುಕ್ಕರನ್ನೋ ನೀರಿನ ಬಿಂದಿಗೆಯನ್ನೋ ಎತ್ತುವಾಗ ಕೈ ಚಾಚಿ ಎತ್ತಬಾರದು, ಹತ್ತಿರ ನಿಂತು ಎತ್ತಬೇಕು ಎನ್ನುವುದು ಇದೇ ಕಾರಣಕ್ಕೆ.

ಕಡಿಮೆಯಾಗುವ ಎಳೆಗಳು

ಸ್ನಾಯು ಎಂದರೆ ಸಾವಿರಾರು ಎಳೆಗಳ ಕಟ್ಟು. ಇಪ್ಪತ್ತರಿಂದ ಮೂವತ್ತು ವರ್ಷದ ಒಳಗೆ ಅದು ತನ್ನ ಗರಿಷ್ಠ ಮಟ್ಟ ಮುಟ್ಟುತ್ತದೆ. ಆಮೇಲೆ ಮೊದಲು ನಿಧಾನವಾಗಿ, ಅರವತ್ತರ ನಂತರ ಸ್ವಲ್ಪ ಬೇಗ ಬೇಗ ಇಳಿಯುತ್ತದೆ. ಈ ಇಳಿತಕ್ಕೆ 1989ರಲ್ಲಿ ಅಮೆರಿಕದ ವಿಜ್ಞಾನಿ ಇರ್ವಿನ್ ರೋಸನ್‌ಬರ್ಗ್ ‘ಸಾರ್ಕೊಪೀನಿಯ’ ಎಂಬ ಹೆಸರು ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಮಾಂಸದ ಬಡತನ’. ಹೆಸರೇ ಇಲ್ಲದ ತೊಂದರೆಯ ಕಡೆ ಯಾರೂ ಗಮನ ಕೊಡುವುದಿಲ್ಲ ಎಂಬುದು ಅವರ ಕಾಳಜಿಯಾಗಿತ್ತು. 2016ರಲ್ಲಿ ಅಮೆರಿಕದ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತ ಸಂಖ್ಯೆಯೂ ಸಿಕ್ಕಿತು.

ಸ್ನಾಯು ಸಣ್ಣಗಾಗುವುದು ಎಂದರೆ ಎಳೆಗಳು ತೆಳುವಾಗುವುದೋ ಅಥವಾ ಎಳೆಗಳ ಸಂಖ್ಯೆಯೇ ಕಡಿಮೆಯಾಗುವುದೋ? ಸ್ವೀಡನ್ನಿನ ಲೆಕ್ಸೆಲ್ ಮತ್ತು ಸಂಗಡಿಗರು 1988ರಲ್ಲಿ ಇದಕ್ಕೆ ಉತ್ತರ ಕೊಟ್ಟರು. 15ರಿಂದ 83 ವರ್ಷದೊಳಗೆ ತೀರಿಕೊಂಡ, ಅಲ್ಲಿಯವರೆಗೆ ಆರೋಗ್ಯವಾಗಿದ್ದ 43 ಗಂಡಸರ ತೊಡೆಯ ಸ್ನಾಯುವನ್ನು ಅಡ್ಡಲಾಗಿ ಕತ್ತರಿಸಿ ಅವರು ಎಳೆಗಳನ್ನು ಪರಿಶೀಲಿಸಿದರು. 20ರಿಂದ 80 ವರ್ಷದ ನಡುವೆ ಸ್ನಾಯುವಿನ ಗಾತ್ರ ಸುಮಾರು ಶೇ 40ರಷ್ಟು ಕುಗ್ಗಿತ್ತು. ಇದಕ್ಕೆ ಮುಖ್ಯ ಕಾರಣ ಎಳೆಗಳ ಸಂಖ್ಯೆಯೇ ಕಡಿಮೆಯಾದದ್ದು. ಉಳಿದ ಎಳೆಗಳಲ್ಲೂ ವೇಗವಾಗಿ ಕೆಲಸ ಮಾಡುವ ಎಳೆಗಳು ತೆಳುವಾಗಿದ್ದವು. ಇದು ತೊಡೆಯ ಸ್ನಾಯುವಿನ ಅಧ್ಯಯನವಾದರೂ ಇಳಿತದ ರೀತಿ ಹೆಗಲಿಗೂ ಅನ್ವಯಿಸುತ್ತದೆ.

ಎಳೆಗಳು ಏಕೆ ಹೋಗುತ್ತವೆ? ಪ್ರತಿ ಎಳೆಗೂ ಬೆನ್ನುಹುರಿಯಿಂದ ಒಂದು ನರದ ತಂತು ಬಂದು ಸೇರುತ್ತದೆ. ಒಂದು ನರಕೋಶ ಅನೇಕ ಎಳೆಗಳಿಗೆ ಆಜ್ಞೆ ಕೊಡುತ್ತದೆ. ವಯಸ್ಸಾದಂತೆ ಈ ನರಕೋಶಗಳಲ್ಲಿ ಕೆಲವು ಸಾಯುತ್ತವೆ. ಆಗ ಅವುಗಳ ಅಧೀನದಲ್ಲಿದ್ದ ಎಳೆಗಳು ಅನಾಥವಾಗುತ್ತವೆ. ನೆರೆಯ ನರಕೋಶಗಳು ಹೊಸ ಕವಲು ಚಾಚಿ ಕೆಲವು ಎಳೆಗಳನ್ನು ತಮ್ಮದಾಗಿ ಮಾಡಿಕೊಳ್ಳುತ್ತವೆ. ಉಳಿದವು ನಶಿಸುತ್ತವೆ, ಅವುಗಳ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತದೆ. ಹೀಗಾಗಿ ಹೊರಗಿನಿಂದ ತೋಳು ದಪ್ಪಗೆ ಕಂಡರೂ ಒಳಗೆ ಬಲ ಇಲ್ಲದಿರಬಹುದು. ಸ್ನಾಯುವಿನ ಗಾತ್ರಕ್ಕಿಂತ ಬಲವೂ, ಬಲಕ್ಕಿಂತ ಚುರುಕುತನವೂ ಬೇಗ ಇಳಿಯುವುದಕ್ಕೆ ಇದೇ ಕಾರಣ. ಬಸ್ಸು ಬ್ರೇಕ್ ಹಾಕಿದಾಗ ಮೇಲಿನ ಸರಳನ್ನು ಥಟ್ಟನೆ ಹಿಡಿಯಲು ಆಗದೆ ಹಿರಿಯರು ಮುಗ್ಗರಿಸುವುದು ಈ ಚುರುಕುತನ ಕಡಿಮೆಯಾದುದರಿಂದ.

ಸವೆಯುವ ಹಗ್ಗ

ಸ್ನಾಯು ಮೂಳೆಗೆ ಅಂಟಿಕೊಳ್ಳುವುದು ಸ್ನಾಯುರಜ್ಜು ಎಂಬ ಗಟ್ಟಿ ಹಗ್ಗದಂಥ ಭಾಗದಿಂದ. ಹೆಗಲಿನ ನಾಲ್ಕು ಸ್ನಾಯುಗಳಲ್ಲಿ ಸುಪ್ರಾಸ್ಪೈನೇಟಸ್‌ನ ರಜ್ಜು ಅತ್ಯಂತ ಕಷ್ಟದ ಜಾಗದಲ್ಲಿದೆ. ಮೇಲೆ ಹೆಗಲ ತುದಿಯ ಮೂಳೆ, ಕೆಳಗೆ ತೋಳಿನ ಚೆಂಡು. ಇವೆರಡರ ನಡುವಿನ ಇಕ್ಕಟ್ಟಿನಲ್ಲಿ ಅದು ದಿನಕ್ಕೆ ನೂರಾರು ಬಾರಿ ಜಾರಬೇಕು. ಮೂಳೆಗೆ ಅಂಟುವ ಕಡೆ ಅದಕ್ಕೆ ರಕ್ತದ ಪೂರೈಕೆಯೂ ಕಡಿಮೆ. ಬಾವಿಯ ರಾಟೆಯ ಹಗ್ಗ ಒಂದೇ ಕಡೆ ಉಜ್ಜಿ ಉಜ್ಜಿ ನೂಲು ಬಿಡುವಂತೆ ಈ ರಜ್ಜು ವರ್ಷಗಳು ಕಳೆದಂತೆ ಸವೆಯುತ್ತದೆ, ಕೆಲವೊಮ್ಮೆ ಹರಿಯುತ್ತದೆ.

ಆಶ್ಚರ್ಯದ ಸಂಗತಿ ಎಂದರೆ ಹರಿದ ಮಾತ್ರಕ್ಕೆ ನೋವು ಬರಲೇಬೇಕೆಂದಿಲ್ಲ. 1995ರಲ್ಲಿ ಅಮೆರಿಕದಲ್ಲಿ ಷೇರ್ ಮತ್ತು ಸಂಗಡಿಗರು ಹೆಗಲಿನ ಯಾವ ತೊಂದರೆಯೂ ಇಲ್ಲದ 96 ಮಂದಿಯ ಹೆಗಲನ್ನು ಎಂಆರ್‌ಐ ಯಂತ್ರದಲ್ಲಿ ಪರೀಕ್ಷಿಸಿದರು. 60 ದಾಟಿದವರಲ್ಲಿ ಶೇ 54 ಮಂದಿಗೆ ರಜ್ಜು ಅರ್ಧವೋ ಪೂರ್ತಿಯೋ ಹರಿದಿತ್ತು. 40ರ ಒಳಗಿನವರಲ್ಲಿ ಇದು ಶೇ 4 ಮಾತ್ರ, ಅದೂ ಅರ್ಧಂಬರ್ಧ. 1999ರಲ್ಲಿ ಟೆಂಪೆಲ್‌ಹಾಫ್ ಮತ್ತು ಸಂಗಡಿಗರು ನೋವಿಲ್ಲದ 411 ಮಂದಿಯನ್ನು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿದಾಗ ಪೂರ್ತಿ ಹರಿದ ರಜ್ಜು ಕಂಡವರು 50ರ ದಶಕದಲ್ಲಿ ಶೇ 13, 60ರ ದಶಕದಲ್ಲಿ ಶೇ 20, 70ರ ದಶಕದಲ್ಲಿ ಶೇ 31, 80 ದಾಟಿದವರಲ್ಲಿ ಶೇ 51. ಇವರೆಲ್ಲ ತಮಗೇನೂ ಆಗಿಲ್ಲವೆಂದು ಓಡಾಡಿಕೊಂಡಿದ್ದವರು!

ಇದರಿಂದ ಎರಡು ಪಾಠ ಕಲಿಯಬಹುದು. ಮೊದಲನೆಯದು, ಸ್ಕ್ಯಾನ್ ವರದಿಯಲ್ಲಿ ‘ಹರಿದಿದೆ’ ಎಂದು ಬರೆದಿದ್ದರೆ ಮನೆಯವರೆಲ್ಲ ಗಾಬರಿಯಾಗಬೇಕಿಲ್ಲ. ಅರವತ್ತು ದಾಟಿದವರಲ್ಲಿ ಅದು ತಲೆ ನರೆಯುವಷ್ಟೇ ಸಾಮಾನ್ಯವಾದ ಬದಲಾವಣೆ ಆಗಿರಬಹುದು. ನೋವಿಗೆ ಅದೇ ಕಾರಣವೋ ಅಲ್ಲವೋ ಎಂಬುದನ್ನು ವೈದ್ಯರು ಕೈ ಮುಟ್ಟಿ ಪರೀಕ್ಷಿಸಿಯೇ ಹೇಳಬೇಕು. ಎರಡನೆಯದು, ಒಂದು ರಜ್ಜು ಸೋತರೂ ಉಳಿದ ಸ್ನಾಯುಗಳು ಗಟ್ಟಿಯಾಗಿದ್ದರೆ ಅವು ಕೆಲಸ ಹಂಚಿಕೊಳ್ಳುತ್ತವೆ. ಒಬ್ಬ ಅಣ್ಣ ಹಾಸಿಗೆ ಹಿಡಿದರೆ ಉಳಿದವರು ಗೇಯ್ಮೆ ನಡೆಸುವಂತೆ. ಉಳಿದವರೂ ಬಲಹೀನರಾಗಿದ್ದರೆ ಮಾತ್ರ ಸಂಸಾರ ಕುಸಿಯುತ್ತದೆ.

ಐವತ್ತರ ಹೆಗಲು

ಜಪಾನಿನ ಜನ ಹೆಗಲಿನ ಒಂದು ತೊಂದರೆಯನ್ನು ‘ಗೊಜೂಕತ’ ಎಂದು ಕರೆಯುತ್ತಾರೆ. ಗೊಜೂ ಎಂದರೆ ಐವತ್ತು, ಕತ ಎಂದರೆ ಹೆಗಲು. ಐವತ್ತರ ಆಸುಪಾಸಿನಲ್ಲಿ ಬರುವ ಹೆಗಲಿನ ಬಿಗಿತ ಇದು. ವೈದ್ಯರು ‘ಫ್ರೋಜನ್ ಶೋಲ್ಡರ್’ ಎನ್ನುತ್ತಾರೆ. ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಕೊಟ್ಟ ಹೆಸರು ಇದು.

ಇಲ್ಲಿ ತೊಂದರೆ ಸ್ನಾಯುವಿನದಲ್ಲ. ಕೀಲನ್ನು ಚೀಲದಂತೆ ಸುತ್ತಿರುವ ಪೊರೆ ಉರಿಯೂತದಿಂದ ದಪ್ಪಗಾಗಿ, ಕುಗ್ಗಿ, ಬಿಗಿಯುತ್ತದೆ. ಮೊದಲು ಕೆಲವು ತಿಂಗಳು ನೋವು, ಅದೂ ರಾತ್ರಿ ಹೆಚ್ಚು. ಆಮೇಲೆ ನೋವು ತಗ್ಗಿ ಬಿಗಿತ ಉಳಿಯುತ್ತದೆ. ಕೊನೆಗೆ ನಿಧಾನವಾಗಿ ಸಡಿಲವಾಗುತ್ತದೆ. ಎಲ್ಲ ಮುಗಿಯಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ಕೆಲವರಲ್ಲಿ ಸ್ವಲ್ಪ ಬಿಗಿತ ಉಳಿದೂ ಬಿಡುತ್ತದೆ. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇತರರಿಗಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಕಾರಣವಿಲ್ಲದೆ ಹೆಗಲು ಬಿಗಿದವರು ಒಮ್ಮೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ.

ರಜ್ಜು ಹರಿದದ್ದಕ್ಕೂ ಕೀಲು ಬಿಗಿದದ್ದಕ್ಕೂ ವ್ಯತ್ಯಾಸ ತಿಳಿಯಲು ವೈದ್ಯರು ಮಾಡುವ ಸರಳ ಪರೀಕ್ಷೆಯೊಂದಿದೆ. ಮೊದಲು ರೋಗಿಗೆ ತಾನಾಗಿ ಕೈ ಎತ್ತಲು ಹೇಳುತ್ತಾರೆ. ಆಮೇಲೆ ತಾವೇ ಹಿಡಿದು ಎತ್ತುತ್ತಾರೆ. ರೋಗಿಗೆ ಎತ್ತಲಾಗದ ಕೈಯನ್ನು ವೈದ್ಯರು ಸಲೀಸಾಗಿ ಎತ್ತಿದರೆ ಕೀಲು ಸರಿಯಿದೆ, ಸ್ನಾಯು ಅಥವಾ ರಜ್ಜು ಸೋತಿದೆ. ಇಬ್ಬರಿಗೂ ಎತ್ತಲಾಗದಿದ್ದರೆ ಕೀಲೇ ಬಿಗಿದಿದೆ. ಬಾಗಿಲು ತೆರೆಯುತ್ತಿಲ್ಲ ಎಂದರೆ ತಳ್ಳುವವನಿಗೆ ಬಲವಿಲ್ಲವೋ, ತಿರುಗಣಿಗೆ ತುಕ್ಕು ಹಿಡಿದಿದೆಯೋ ಎಂದು ನೋಡುವ ಹಾಗೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಹೆಗಲಿನ ನೋವಿಗೆ ಹೆದರಿ ಕೈಯನ್ನು ಜೋಳಿಗೆಯಂತೆ ಎದೆಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ಕೂರುವುದು ಅನೇಕರ ಅಭ್ಯಾಸ. ಬಳಸದ ಸ್ನಾಯು ವಾರಗಳಲ್ಲೇ ಕರಗುತ್ತದೆ, ಕೀಲೂ ಮತ್ತಷ್ಟು ಬಿಗಿಯುತ್ತದೆ. ವಯಸ್ಸು ಹತ್ತು ವರ್ಷದಲ್ಲಿ ಮಾಡುವ ಹಾನಿಯನ್ನು ಅತಿಯಾದ ವಿಶ್ರಾಂತಿ ಕೆಲವೇ ತಿಂಗಳಲ್ಲಿ ಮಾಡಿಬಿಡಬಲ್ಲದು.

ತೊಂಬತ್ತರಲ್ಲೂ ತಡವಲ್ಲ

ಹಾಗಾದರೆ ಹೋದ ಬಲ ಮರಳಿ ಬಂದೀತೇ? 1990ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಶುಶ್ರೂಷಾಲಯವೊಂದರಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿ ಕೃಶ ವೃದ್ಧರಿಗೆ ಎಂಟು ವಾರ ಕಾಲಿನ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಪೂರ್ತಿಗೊಳಿಸಿದವರು ಒಂಬತ್ತು ಮಂದಿ. ಅವರ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು! ತೊಡೆಯ ಸ್ನಾಯುವಿನ ಗಾತ್ರ ಹೆಚ್ಚಿದ್ದು ಮಾತ್ರ ಸುಮಾರು ಶೇ 9. ಅಂದರೆ ಮೊದಲು ಎಚ್ಚೆತ್ತದ್ದು ಸ್ನಾಯುವಿಗಿಂತ ಹೆಚ್ಚಾಗಿ ಅದಕ್ಕೆ ಆಜ್ಞೆ ಕೊಡುವ ನರಗಳು. ಇರುವ ಎಳೆಗಳನ್ನೇ ದೇಹ ಚೆನ್ನಾಗಿ ಬಳಸಲು ಕಲಿಯಿತು. ಹೆಗಲಿನ ಸ್ನಾಯುಗಳೂ ಇದೇ ನಿಯಮಕ್ಕೆ ಒಳಪಟ್ಟವು.

ಸ್ನಾಯುವಿಗೆ ತನ್ನದೇ ದುರಸ್ತಿ ಪಡೆಯೂ ಇದೆ. ಎಳೆಗಳ ಅಂಚಿನಲ್ಲಿ ಅಂಟಿಕೊಂಡಿರುವ ‘ಉಪಗ್ರಹ ಕೋಶ’ಗಳನ್ನು ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ 1961ರಲ್ಲಿ ಗುರುತಿಸಿದರು. ಎಳೆಗೆ ಪೆಟ್ಟಾದಾಗ ಅಥವಾ ಶ್ರಮ ಹೆಚ್ಚಾದಾಗ ಇವು ಎಚ್ಚೆತ್ತು ವಿಭಜನೆಗೊಂಡು ದುರಸ್ತಿ ಮಾಡುತ್ತವೆ. ವಯಸ್ಸಾದಂತೆ ಇವುಗಳ ಸಂಖ್ಯೆಯೂ ಚುರುಕೂ ಕಡಿಮೆಯಾಗುತ್ತವೆ, ಆದರೆ ಪೂರ್ತಿ ಇಲ್ಲವಾಗುವುದಿಲ್ಲ. ಕೆಲಸ ಕೊಟ್ಟರೆ ಮಾತ್ರ ಏಳುತ್ತವೆ.

1916ರಲ್ಲಿ ಜನಿಸಿದ ಚಂಡೀಗಢದ ಮಾನ್ ಕೌರ್ ಅವರ ಹೆಸರನ್ನು ಇಲ್ಲಿ ನೆನೆಯಬೇಕು. ಮಗನ ಒತ್ತಾಸೆಯಿಂದ ಅವರು ಅಥ್ಲೆಟಿಕ್ಸ್ ಆರಂಭಿಸಿದ್ದು 93ನೇ ವಯಸ್ಸಿನಲ್ಲಿ. 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ 101 ವರ್ಷದ ಅವರು 100 ಮೀಟರ್ ಓಟದ ಜೊತೆ ಗುಂಡು ಎಸೆತ ಮತ್ತು ಭರ್ಜಿ ಎಸೆತದಲ್ಲೂ ಪದಕ ಗೆದ್ದರು. 75 ದಾಟಿದ ಹೆಂಗಸರಿಗೆ ಗುಂಡಿನ ತೂಕ 2 ಕಿಲೋ, ಭರ್ಜಿಯ ತೂಕ 400 ಗ್ರಾಂ. ಮಾನ್ ಕೌರ್ 2021ರಲ್ಲಿ ತೀರಿಕೊಂಡರು. ಎಲ್ಲರೂ ಅವರಂತೆ ಆಗಲಾರರು. ಆದರೆ ನೂರು ದಾಟಿದ ಹೆಗಲಿಗೂ ಕಲಿಯುವ ಶಕ್ತಿ ಇದೆ ಎಂಬುದಕ್ಕೆ ಅವರೇ ಸಾಕ್ಷಿ.

ಮನೆಯಲ್ಲಿ ಮಾಡಬಹುದಾದದ್ದು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆಯಂತೆ ವಯಸ್ಕರೆಲ್ಲ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು. ಹಿರಿಯರ ವಾಕಿಂಗ್ ಹೃದಯಕ್ಕೂ ಕಾಲಿಗೂ ಒಳ್ಳೆಯದು. ಆದರೆ ಹೆಗಲಿಗೆ ಅದರಿಂದ ಸಿಗುವುದು ಅತ್ಯಲ್ಪ. ಹಿಂದೆ ನೀರು ಸೇದುವುದು, ರುಬ್ಬುವುದು, ಮೊಸರು ಕಡೆಯುವುದು, ಬಟ್ಟೆ ಒಗೆಯುವುದು ಹೆಗಲಿಗೆ ದಿನನಿತ್ಯದ ದುಡಿಮೆಯಾಗಿತ್ತು. ಮಿಕ್ಸಿ, ಮೋಟಾರು, ವಾಷಿಂಗ್ ಮೆಷಿನ್ ಬಂದದ್ದು ಒಳ್ಳೆಯದೇ. ಆದರೆ ಹೆಗಲಿಗೆ ಬೇರೆ ಕೆಲಸ ಕೊಡುವುದನ್ನು ಮರೆಯಬಾರದು.

ದುಬಾರಿ ಸಲಕರಣೆ ಬೇಕಿಲ್ಲ. ಮೇಜಿಗೆ ಒಂದು ಕೈ ಊರಿ ಬಾಗಿ, ಇನ್ನೊಂದು ಕೈಯನ್ನು ಗಡಿಯಾರದ ಲೋಲಕದಂತೆ ಸಡಿಲವಾಗಿ ತೂಗಾಡಿಸುವುದು ಕಾಡ್‌ಮನ್ ಹೆಸರಿನಲ್ಲೇ ಪ್ರಸಿದ್ಧವಾದ ವ್ಯಾಯಾಮ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದಂತೆ ಮೇಲಕ್ಕೆ ನಡೆಸುವುದು ಇನ್ನೊಂದು. ಟವೆಲ್ಲನ್ನು ಬೆನ್ನ ಹಿಂದೆ ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಎಳೆಯುವುದು ಮತ್ತೊಂದು. ಇವು ಕೀಲನ್ನು ಸಡಿಲಿಸುತ್ತವೆ. ಬಲಕ್ಕೆ ಗೋಡೆಯನ್ನು ಅಂಗೈಯಿಂದ ನೂಕಿ ಹಿಂದೆ ಬರುವುದು ಮತ್ತು ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೈಯನ್ನು ನಿಧಾನವಾಗಿ ಎತ್ತಿ ಇಳಿಸುವುದು ಸಾಕು. ಅರ್ಧ ಲೀಟರ್ ನೀರೆಂದರೆ ಅರ್ಧ ಕಿಲೋ ತೂಕ. ಸುಲಭವಾದ ಮೇಲೆ ಒಂದು ಲೀಟರಿನದಕ್ಕೆ ಏರಬಹುದು. ಸ್ನಾಯು ಸ್ವಲ್ಪ ದಣಿಯಬೇಕು, ಕೀಲು ಚುಚ್ಚಿ ನೋಯಬಾರದು. ಈಗಾಗಲೇ ಹೆಗಲಿನ ನೋವಿರುವವರು, ಹೃದಯದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ವ್ಯಾಯಾಮದಷ್ಟೇ ಮುಖ್ಯ ಊಟ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ವಯಸ್ಕರಿಗೆ ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಹಿರಿಯರಿಗೆ ಇದಕ್ಕಿಂತ ಸ್ವಲ್ಪ ಹೆಚ್ಚೇ ಬೇಕೆಂಬುದು ಅನೇಕ ತಜ್ಞರ ಅಭಿಪ್ರಾಯ. ಆದರೆ ಹಲ್ಲಿಲ್ಲ, ಹಸಿವಿಲ್ಲ ಎಂದು ಹಿರಿಯರು ರಾತ್ರಿ ಅನ್ನ, ತಿಳಿಸಾರಿಗೆ ಮುಗಿಸಿಬಿಡುತ್ತಾರೆ. ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಸಾರಿನ ತಿಳಿ ಬಿಟ್ಟು ಅಡಿಯ ಬೇಳೆಯನ್ನು ಬಡಿಸಿದರೂ ಅರ್ಧ ಕೆಲಸ ಆದಂತೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರ ಸಲಹೆಯಂತೆ ನಡೆಯಬೇಕು.

ತಡಮಾಡಬಾರದ ಸಂದರ್ಭಗಳು

ಬಿದ್ದ ಮೇಲೆ ಥಟ್ಟನೆ ಕೈ ಎತ್ತಲಾಗದಿದ್ದರೆ ರಜ್ಜು ಹೊಸದಾಗಿ ಹರಿದಿರಬಹುದು. ಇದಕ್ಕೆ ಬೇಗ ಚಿಕಿತ್ಸೆಯಾದರೆ ಫಲ ಹೆಚ್ಚು. ತಿಂಗಳುಗಟ್ಟಲೆ ತಡವಾದರೆ ಸ್ನಾಯು ಹಿಂದಕ್ಕೆ ಸರಿದು ಕೊಬ್ಬು ತುಂಬಿ ಹೊಲಿಯಲೂ ಆಗದಂತಾಗುತ್ತದೆ. ಹೆಗಲು ಊದಿ ಕೆಂಪಾಗಿ ಜ್ವರ ಬಂದರೆ, ಕೈಗೆ ಜೋಮು ಹಿಡಿದರೆ, ನೋವಿನಿಂದ ರಾತ್ರಿ ನಿದ್ದೆಯೇ ಬರದಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬಾರದು. ಎಡ ಹೆಗಲು ಮತ್ತು ತೋಳಿನ ನೋವಿನ ಜೊತೆ ಎದೆಯ ಹಿಡಿತ, ಬೆವರು, ಏದುಸಿರು ಇದ್ದರೆ ಅದು ಹೆಗಲಿನದಲ್ಲ, ಹೃದಯದ್ದಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ರಜ್ಜುಗಳು ಪೂರ್ತಿ ಸೋತು ಕೀಲೂ ಸವೆದವರಿಗೆ ಈಗ ದಾರಿಯಿದೆ. ಫ್ರಾನ್ಸಿನ ಶಸ್ತ್ರವೈದ್ಯ ಪೌಲ್ ಗ್ರಾಮಂಟ್ 1985ರಲ್ಲಿ ರೂಪಿಸಿದ ಕೃತಕ ಹೆಗಲಿನಲ್ಲಿ ಎಲ್ಲವೂ ಉಲ್ಟಾ! ಚೆಂಡನ್ನು ಗುಳಿಯ ಜಾಗದಲ್ಲೂ ಗುಳಿಯನ್ನು ತೋಳಿನ ಮೂಳೆಯ ಮೇಲೂ ಕೂರಿಸುತ್ತಾರೆ. ಹೀಗೆ ಮಾಡಿದಾಗ ಬುಡ ಅದುಮುವ ಸ್ನಾಯುಗಳ ನೆರವಿಲ್ಲದೆ ಡೆಲ್ಟಾಯ್ಡ್ ಒಂದೇ ತೋಳನ್ನು ಎತ್ತಬಲ್ಲದು. ಸನ್ನೆಯ ಪಾಠವನ್ನು ಚೆನ್ನಾಗಿ ಕಲಿತ ವೈದ್ಯ ಅವರು.

ವಿದ್ಯಾರ್ಥಿಗಳಿಗೊಂದು ಅಳತೆ

ಬಲಗೈಯನ್ನು ಹೆಗಲ ಮೇಲಿಂದ ಬೆನ್ನಿಗೆ ಇಳಿಸಿ. ಎಡಗೈಯನ್ನು ಸೊಂಟದ ಕಡೆಯಿಂದ ಬೆನ್ನ ಮೇಲಕ್ಕೆ ತನ್ನಿ. ಎರಡೂ ಕೈಯ ಮಧ್ಯದ ಬೆರಳುಗಳ ನಡುವೆ ಎಷ್ಟು ಅಂತರ ಉಳಿಯಿತು? ಸ್ಕೇಲಿನಿಂದ ಅಳೆಯಿರಿ. ಬೆರಳುಗಳು ತಾಗಿದರೆ ಸೊನ್ನೆ. ಒಂದರ ಮೇಲೊಂದು ಬಂದರೆ ಆ ಉದ್ದವನ್ನು ಬೇರೆಯಾಗಿ ಬರೆದುಕೊಳ್ಳಿ. ಕೈ ಅದಲು ಬದಲು ಮಾಡಿ ಮತ್ತೆ ಅಳೆಯಿರಿ. ಹಿರಿಯರ ದೈಹಿಕ ಸಾಮರ್ಥ್ಯ ಅಳೆಯಲು ತಜ್ಞರು ಬಳಸುವ ಪರೀಕ್ಷೆಗಳಲ್ಲಿ ಇದೂ ಒಂದು. ಮನೆಯಲ್ಲಿ ತಮ್ಮ, ತಂಗಿ, ಅಪ್ಪ, ಅಮ್ಮ, ಅಜ್ಜಿ, ತಾತ ಎಲ್ಲರದನ್ನೂ ಅಳೆದು ವಯಸ್ಸಿನ ಎದುರು ಬರೆದು ನಕ್ಷೆ ಎಳೆಯಿರಿ. ನೋವಾಗುವವರನ್ನು ಬಲವಂತ ಮಾಡಬೇಡಿ.

ನಕ್ಷೆಯ ಗೆರೆ ನೇರವಾಗಿ ಬರುವುದಿಲ್ಲ. ನಲವತ್ತರ ಅಪ್ಪನಿಗಿಂತ ಅರವತ್ತೈದರ ಅಜ್ಜಿಯ ಅಳತೆ ಚೆನ್ನಾಗಿರಬಹುದು. ಅದು ತಪ್ಪು ಎಂದು ಅಳಿಸಬೇಡಿ. ಅಪ್ಪ ದಿನವಿಡೀ ಕುರ್ಚಿಯಲ್ಲಿ ಏನು ಮಾಡುತ್ತಾರೆ, ಅಜ್ಜಿ ದಿನವಿಡೀ ಮನೆಯಲ್ಲಿ ಏನು ಮಾಡುತ್ತಾರೆ ಎಂದು ಪಕ್ಕದಲ್ಲಿ ಬರೆಯಿರಿ. ವಯಸ್ಸಿನ ಪಾಲು ಎಷ್ಟು, ಬಳಕೆಯ ಪಾಲು ಎಷ್ಟು ಎಂಬ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. ಒಂದು ಮನೆಯ ಐದಾರು ಅಳತೆಯಿಂದ ಯಾವ ನಿಯಮವನ್ನೂ ಸಾಧಿಸಲಾಗದು. ತರಗತಿಯ ನಲವತ್ತು ಮಕ್ಕಳು ತಮ್ಮ ತಮ್ಮ ಮನೆಯ ಅಳತೆ ತಂದರೆ ಇನ್ನೂರಕ್ಕೂ ಹೆಚ್ಚು ಹೆಗಲುಗಳ ಲೆಕ್ಕ ಸಿಗುತ್ತದೆ.

ಹದಿನೈದು ಹದಿನಾರು ವರ್ಷದವರಿಗೆ ಇನ್ನೊಂದು ಮಾತು. ಸ್ನಾಯುವಿನ ಗರಿಷ್ಠ ಮಟ್ಟ ನಿರ್ಧಾರವಾಗುವುದು ಇನ್ನು ಹತ್ತು ಹದಿನೈದು ವರ್ಷಗಳಲ್ಲಿ. ಎತ್ತರದಿಂದ ಇಳಿಯಲು ಆರಂಭಿಸಿದವನು ಕೆಳಗೆ ಮುಟ್ಟುವುದು ತಡವಾಗಿ. ಆಟದ ಮೈದಾನದಲ್ಲಿ ಕಳೆದ ಸಂಜೆಗಳು ಓದಿಗೆ ನಷ್ಟವಾದ ಸಮಯ ಎಂದು ಭಾವಿಸುವ ತಂದೆ ತಾಯಿಗಳು ಇದನ್ನು ಗಮನಿಸಬೇಕು. ಅದು ಎಪ್ಪತ್ತರಲ್ಲಿ ತನ್ನ ತಲೆಯನ್ನು ತಾನೇ ಬಾಚಿಕೊಳ್ಳಲು ಇಂದೇ ಇಡುವ ಠೇವಣಿ. ಇನ್ನು ಅಜ್ಜಿ ಮುಂದಿನ ಸಲ ಬಾಚಣಿಗೆ ಹಿಡಿದು ಬಂದಾಗ ಬಾಚಿಕೊಡುವುದರ ಜೊತೆಗೆ, ಕೈ ಎಲ್ಲಿಯವರೆಗೆ ಏಳುತ್ತದೆ, ಯಾವಾಗಿನಿಂದ ಏಳುತ್ತಿಲ್ಲ ಎಂದು ಒಂದು ಮಾತು ಕೇಳುವುದು ಒಳ್ಳೆಯದು.